ಕೋವಿಡ್‌ನಲ್ಲಿ ನಮ್ಮ ಸರಕಾರ ವಿಮಾನ ಕಂಪನಿಗಳಿಗೆ ದುಡ್ಡು ಕೊಡಲಿಲ್ಲ. ಷೇರು ಇಟ್ಟವನಿಗೆ ಅದರಿಂದ ಒಳ್ಳೇದಾಯ್ತಾ, ಕೆಟ್ಟದಾಯ್ತಾ?

ಚಾಲಿ_ಅಡಿಕೆ, ಶಿರಸಿ

ಹಳೇ ವಿಷಯ ಕೆದಕುತ್ತಾ ಇದ್ದೇನೆ, ಬೈಬೇಡಿ. ಮೊನ್ನೆ ಸಿದ್ದಾಪುರದಲ್ಲೊಂದು ಉಪನಯನ. ಪಂಕ್ತಿಯಲ್ಲಿ ಪಕ್ಕ ಕೂತ ನನ್ನ ಭಾವ ಅಪ್ಪೆಹುಳಿ ಬರುವ ಹೊತ್ತಿಗೆ ಶುರು ಮಾಡಿದ, ಹೋಳಿಗೆ ಎರಡನೇ ಸುತ್ತು ಬಂದರೂ ನಿಲ್ಲಿಸಲಿಲ್ಲ. ಅವನ ವಾದ ಇಷ್ಟೇ. ಅಮೆರಿಕ, ಜರ್ಮನಿ ಎಲ್ಲ ತಮ್ಮ ವಿಮಾನ ಕಂಪನಿಗಳನ್ನ ಕೈಹಿಡಿದು ಎತ್ತಿದವು, ನಮ್ಮವರು ಕೈಬಿಟ್ಟರು, ಅದಕ್ಕೇ ನಿನ್ನ ದುಡ್ಡು ಹೋಯ್ತು ಅಂತ.

ನನ್ನ ದುಡ್ಡು ಹೋದ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪ್ರಶ್ನೆ ಅರ್ಥ ಆಗಲ್ಲ.

2020ರ ಮಾರ್ಚ್ ಮೊದಲ ವಾರ ನಮ್ಮಲ್ಲಿ ಮಾರಿಕಾಂಬೆ ಜಾತ್ರೆ. ಕಾಲಿಡಲು ಜಾಗ ಇಲ್ಲದಷ್ಟು ಜನ. ಅದಾಗಿ ಎರಡು ವಾರಕ್ಕೆ ಊರಿಗೆ ಊರೇ ಬಾಗಿಲು ಹಾಕಿತು. ಮಾರ್ಚ್ 25ರಿಂದ ದೇಶದೊಳಗಿನ ವಿಮಾನಗಳೂ ನಿಂತವು. ಏಪ್ರಿಲ್‌ನಲ್ಲಿ ಇಂಡಿಗೋ ಷೇರು ಸಾವಿರದ ಆಸುಪಾಸಿಗೆ ಬಂದಿತ್ತು. ನನ್ನ ಹತ್ತಿರ ಸೊಸೈಟಿಗೆ ಅಡಿಕೆ ಹಾಕಿದ ದುಡ್ಡು ಸ್ವಲ್ಪ ಇತ್ತು. 60 ಷೇರು ತಗೊಂಡೆ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕೊಟ್ಟಿಗೆ ಹಿಂದಿನಿಂದ ಬೆಟ್ಟ ಹತ್ತಿ, ಒಂದು ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಆರ್ಡರ್ ಹಾಕಿದ್ದು ಅಲ್ಲಿಂದಲೇ. ಇಳಿದು ಬಂದು ಡೈರಿಯಲ್ಲಿ ಬರೆದೆ: "ಇಂಡಿಗೋ 60. ಸರಕಾರ ಬಿಡೋಲ್ಲ."

ಆ ಎರಡು ಶಬ್ದದ ಮೇಲೇ ನನ್ನ ಇಡೀ ಲೆಕ್ಕಾಚಾರ ನಿಂತಿತ್ತು ನೋಡಿ. ಕಂಪನಿ ಹೇಗಿದೆ, ಕೈಯಲ್ಲಿ ನಗದು ಎಷ್ಟಿದೆ, ಒಂದೂ ನೋಡಲಿಲ್ಲ.

ಮೇ ತಿಂಗಳಲ್ಲಿ ಆತ್ಮನಿರ್ಭರ ಪ್ಯಾಕೇಜ್ ಬಂತು. ದಿನಕ್ಕೊಂದು ಕಂತಿನಂತೆ ಟಿವಿಯಲ್ಲಿ ಹೇಳುತ್ತಿದ್ದರು. 16ನೇ ತಾರೀಕು ಶನಿವಾರ ವಿಮಾನಗಳ ಸರದಿ. ಚಾ ಹಿಡಿದು ಕೂತೆ. ವಾಯುಸೇನೆಗೆ ಮೀಸಲಾದ ಆಕಾಶದಲ್ಲಿ ದಾರಿ ಬಿಟ್ಟುಕೊಡುತ್ತೇವೆ, ಅದರಿಂದ ವರ್ಷಕ್ಕೆ ಸಾವಿರ ಕೋಟಿ ಉಳಿಯುತ್ತದೆ ಅಂದರು. ಇನ್ನೂ ಆರು ವಿಮಾನ ನಿಲ್ದಾಣ ಖಾಸಗಿಯವರ ಜೊತೆ ನಡೆಸುತ್ತೇವೆ ಅಂದರು. ರಿಪೇರಿ ಕೆಲಸಕ್ಕೆ ತೆರಿಗೆ ಸರಿ ಮಾಡಿದ್ದೇವೆ ಅಂದರು. ಮುಗೀತು. ನಗದು ಒಂದು ರೂಪಾಯಿ ಇಲ್ಲ. ಸೋಮವಾರ ಬೆಳಿಗ್ಗೆ ಬೆಟ್ಟ ಹತ್ತಿ ಒಂಬೈನೂರ ಚಿಲ್ಲರೆಗೆ ಅಷ್ಟನ್ನೂ ಮಾರಿದೆ. ಐದು ಸಾವಿರದ ಮೇಲೆ ಲುಕ್ಸಾನು. ಅದೇ ಷೇರು 2024ರಲ್ಲಿ ನಾಲ್ಕು ಸಾವಿರ ದಾಟಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಭಾವನ ಮಾತು ತಪ್ಪು ಅಂತ ನನಗೆ ಗೊತ್ತು. ಸರಕಾರ ಕೈಬಿಟ್ಟದ್ದಕ್ಕೆ ಹೋಗಲಿಲ್ಲ, ನಾನು ಹೆದರಿ ಕೈಬಿಟ್ಟದ್ದಕ್ಕೆ ಹೋಯ್ತು. ಆದರೂ ಒಂದು ಸಂಶಯ ಉಳಿದಿದೆ. ಸರಕಾರ ಅವತ್ತು ನಿಜಕ್ಕೂ ದುಡ್ಡು ಸುರಿದಿದ್ದರೆ ನನ್ನಂಥ 60 ಷೇರಿನವನಿಗೆ ಲಾಭ ಆಗುತ್ತಿತ್ತಾ? ಹೊರದೇಶಗಳಲ್ಲಿ ಷೇರು ಇಟ್ಟವರಿಗೆ ಏನಾಯ್ತು? ಬಲ್ಲವರು ಹೇಳಿ. ಭಾವನ ಮನೆಗೆ ಮುಂದಿನ ವಾರ ಹೋಗುವುದಿದೆ.

ಕಾಜುಬಾಗ್, ಕಾರವಾರ

ನಾನು ನಿವೃತ್ತ ಬ್ಯಾಂಕಿನವ. ಬಹಳ ವರ್ಷ ಸಾಲದ ಟೇಬಲ್ಲಿನಲ್ಲಿ ಕೂತವ. ಮುಳುಗುವವನನ್ನ ಎತ್ತುವವರು ಯಾರೇ ಇರಲಿ, ಅವನ ಜೇಬಿಗೆ ಕೈ ಹಾಕಿಯೇ ಎತ್ತುವುದು. ಆ ಜೇಬು ಅಂದರೆ ಷೇರುದಾರ.

ಜರ್ಮನಿಯದ್ದೇ ನೋಡಿ. ಲುಫ್ತಾನ್ಸಾಗೆ 2020ರಲ್ಲಿ 9 ಬಿಲಿಯನ್ ಯೂರೋ ಪ್ಯಾಕೇಜ್. ಅದರಲ್ಲಿ ಸರಕಾರ 300 ಮಿಲಿಯನ್ ಕೊಟ್ಟು 20 ಶೇಕಡಾ ಪಾಲು ತಗೊಂಡಿತು. ಷೇರಿಗೆ ಕೊಟ್ಟ ದರ 2.56 ಯೂರೋ. ಮಾರುಕಟ್ಟೆಯಲ್ಲಿ ಆಗ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಅಂದರೆ ಹೊಸ ಷೇರು ಅಚ್ಚು ಹಾಕಿ ಅಗ್ಗಕ್ಕೆ ಸರಕಾರಕ್ಕೆ ಕೊಟ್ಟರು. ಮೊದಲು ಕಂಪನಿಯಲ್ಲಿ ನಿಮಗೆ 100 ಪೈಸೆ ಪಾಲು ಇದ್ದರೆ ಮರುದಿನ ಅದು 80 ಪೈಸೆ. ಆಗ ಕಂಪನಿಯ ಅತಿ ದೊಡ್ಡ ಷೇರುದಾರ ಹೈಂಜ್ ಹೆರ್ಮಾನ್ ಥೀಲೆ. ಅವರು ಈ ಷರತ್ತಿಗೆ ಬಹಿರಂಗವಾಗಿಯೇ ತಕರಾರು ತೆಗೆದರು. ಕೊನೆಗೆ ಜೂನ್ 25ರ ಸಭೆಯಲ್ಲಿ ಒಪ್ಪಿದರು. ಒಪ್ಪದೆ ಏನು ಮಾಡುವುದು, ಇನ್ನೊಂದು ದಾರಿ ದಿವಾಳಿ.

ಮುಂದಿನ ಕತೆ ಕೇಳಿ. 2021ರಲ್ಲಿ ಕಂಪನಿ ರೈಟ್ಸ್ ಇಶ್ಯೂ ಮಾಡಿ, ಅಂದರೆ ಇದ್ದ ಷೇರುದಾರರಿಗೇ ಹೊಸ ಷೇರು ಮಾರಿ, ಎರಡು ಬಿಲಿಯನ್ ಯೂರೋ ಮೇಲೆ ಎತ್ತಿತು, ನವೆಂಬರ್‌ನಲ್ಲಿ ಸರಕಾರದ ಸಾಲ ಪೂರ್ತಿ ತೀರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಸರಕಾರ ತನ್ನ ಕೊನೆಯ ಷೇರನ್ನೂ ಮಾರಿ ಹೊರಬಂತು. 300 ಮಿಲಿಯನ್ ಹಾಕಿದ್ದಕ್ಕೆ 760 ಮಿಲಿಯನ್ ಲಾಭ. ತೆರಿಗೆ ಕಟ್ಟುವವನಿಗೆ ಒಳ್ಳೇ ವ್ಯಾಪಾರ. ಅಷ್ಟು ಲಾಭ ಎಲ್ಲಿಂದ ಬಂತು ಅಂತ ಹಳೇ ಷೇರುದಾರನನ್ನ ಕೇಳಿ.

ಅಮೆರಿಕದವರು ಮೃದು. 2020ರ ಮಾರ್ಚ್ 27ಕ್ಕೆ ಸಹಿಯಾದ ಕೇರ್ಸ್ ಕಾಯ್ದೆಯಲ್ಲಿ ಪ್ರಯಾಣಿಕ ವಿಮಾನ ಕಂಪನಿಗಳ ಸಂಬಳಕ್ಕೆ ಅಂತಲೇ 25 ಬಿಲಿಯನ್ ಡಾಲರ್, ಸಾಲಕ್ಕೆ ಬೇರೆ 25 ಬಿಲಿಯನ್. ದೊಡ್ಡ ಕಂಪನಿಗಳಿಗೆ ಸಂಬಳದ ದುಡ್ಡಿನಲ್ಲಿ ಹೆಚ್ಚುಕಮ್ಮಿ 70 ಶೇಕಡಾ ವಾಪಸ್ ಕೊಡಬೇಕಿಲ್ಲ, ಉಳಿದ 30 ಸಾಲ. ಬದಲಿಗೆ ಖಜಾನೆಗೆ ಸ್ವಲ್ಪ ವಾರಂಟ್, ಅಂದರೆ ಮುಂದೆ ನಿಗದಿ ದರಕ್ಕೆ ಷೇರು ಕೊಳ್ಳುವ ಹಕ್ಕು, ಬರೆದುಕೊಟ್ಟರು. 2021ರ ಸೆಪ್ಟೆಂಬರ್ 30ರವರೆಗೆ ಡಿವಿಡೆಂಡ್ ಕೊಡುವಂತಿಲ್ಲ, ಸ್ವಂತ ಷೇರು ಖರೀದಿಸುವಂತಿಲ್ಲ. 2020ರ ಸೆಪ್ಟೆಂಬರ್ 30ರವರೆಗೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಈ ಕೆಲಸದ ಗಡುವು ಮುಗಿದದ್ದೇ ತಡ, ಅಮೆರಿಕನ್, ಯುನೈಟೆಡ್ ಎರಡೇ ಸೇರಿ 32,000 ಜನರನ್ನ ಮನೆಗೆ ಕಳಿಸಿದವು. ಡಿಸೆಂಬರ್‌ನಲ್ಲಿ ಮತ್ತೆ 15 ಬಿಲಿಯನ್ ಬಂತು, ವಾಪಸ್ ಕರೆದರು. ಮುಂದಿನ ಮಾರ್ಚ್‌ನಲ್ಲಿ ಇನ್ನೂ 14. ಸಂಬಳದ್ದೇ ಒಟ್ಟು 54 ಬಿಲಿಯನ್.

ಬಿಡೋದು ಅಂದರೆ ಹೇಗಿರುತ್ತದೆ ಅಂತ ಬೇಕಿದ್ದರೆ ವರ್ಜಿನ್ ಆಸ್ಟ್ರೇಲಿಯಾ. ಸರಕಾರದ ಹತ್ತಿರ 1.4 ಬಿಲಿಯನ್ ಆಸ್ಟ್ರೇಲಿಯನ್ ಡಾಲರ್ ಸಾಲ ಕೇಳಿತು, ಇಲ್ಲ ಅಂದರು, 2020ರ ಏಪ್ರಿಲ್‌ನಲ್ಲಿ ದಿವಾಳಿ ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯ್ತು. ಬೇನ್ ಕ್ಯಾಪಿಟಲ್ ಅನ್ನುವ ಹೂಡಿಕೆ ಕಂಪನಿ ಕೊಂಡಿತು. ವಿಮಾನ ಈಗಲೂ ಹಾರುತ್ತಿದೆ. ಹಳೇ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ.

ನಿಮ್ಮ ಭಾವನಿಗೆ ಇಷ್ಟು ಕೇಳಿ: ಉಳಿಸಿದ್ದು ವಿಮಾನವನ್ನಾ, ಕೆಲಸದವರನ್ನಾ, ಷೇರನ್ನಾ? ಮೂರೂ ಬೇರೆ ಬೇರೆ.

ಬೈತಖೋಲ_ಬೋಟು

ಎಲ್ಲ ಸರಿ ರಾಯರೇ. ನಮ್ಮನ್ನ ಎತ್ತಲಿಕ್ಕೆ ಯಾರು ಬಂದಿದ್ದರು?

ಮಾರ್ಚ್ ಕೊನೆಗೆ ಬೋಟು ದಡಕ್ಕೆ ಕಟ್ಟಿದ್ದು. ಐಸ್ ಇಲ್ಲ, ಲಾರಿ ಇಲ್ಲ, ಮೀನು ಕೊಳ್ಳುವ ಕಂಪನಿ ಇಲ್ಲ. ಹೊರ ರಾಜ್ಯದ ಖಲಾಸಿಗಳು ಊರಿಗೆ ಹೋಗಬೇಕು ಅಂತ ಅಳು. ಅವರಿಗೆ ಎರಡು ಹೊತ್ತು ಊಟ ನಮ್ಮ ಅಕ್ಕನೇ ಹಾಕಿದ್ದು. ಬಿಡುತ್ತಾರೆ ಅನ್ನುವಷ್ಟರಲ್ಲಿ ಜೂನ್ ಬಂತು, ಮಾಮೂಲು ಎರಡು ತಿಂಗಳ ನಿಷೇಧ. ಬ್ಯಾಂಕಿನವರು ಆಗಸ್ಟ್‌ವರೆಗೆ ಕಂತು ಕಟ್ಟಬೇಡಿ ಅಂದರು. ಖುಷಿ ಆಯ್ತು. ಆಮೇಲೆ ನೋಡಿದರೆ ಬಡ್ಡಿ ಓಡುತ್ತಲೇ ಇತ್ತು. ಬಡ್ಡಿ ಮೇಲಿನ ಬಡ್ಡಿ ಮಾತ್ರ ಸರಕಾರ ಕೊಡುತ್ತದೆ ಅಂತಾಯ್ತು. ದೀಪಾವಳಿ ಹೊತ್ತಿಗೆ ನನ್ನ ಎಂಟು ಲಕ್ಷದ ಇಂಜಿನ್ ಸಾಲದ ಖಾತೆಗೆ ಸಾವಿರದ ಚಿಲ್ಲರೆ ಬಿತ್ತು. ಅಷ್ಟರಲ್ಲಿ ಎರಡು ಕ್ಯಾನ್ ಡೀಸೆಲ್ ಕೂಡ ಬರಲ್ಲ.

ಅಮೆರಿಕದಲ್ಲಿ ಪೈಲಟ್‌ಗೆ ಮನೆಯಲ್ಲಿ ಕೂತು ಸಂಬಳ. ನಮ್ಮ ಬೋಟು ನಡೆಸುವ ತಾಂಡೇಲನಿಗೆ? ಷೇರು ಇಟ್ಟವರು ಲಾಭ ಬಂದಾಗ ನಮ್ಮನ್ನ ಕರೆದು ಹಂಚಿದ್ದು ನಾನಂತೂ ನೋಡಿಲ್ಲ. ಮುಳುಗುವಾಗ ಮಾತ್ರ ಸರಕಾರ ಬೇಕು. ತಪ್ಪು ತಿಳ್ಕೋಬೇಡಿ, ಸಿಟ್ಟು ನಿಮ್ಮ ಮೇಲಲ್ಲ.

ಚಾಲಿ_ಅಡಿಕೆ, ಶಿರಸಿ

ಕಾಜುಬಾಗ್ ರಾಯರೇ, ಆ 100 ಪೈಸೆ 80 ಆದ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ನಾನು ತಿಳ್ಕೊಂಡಿದ್ದು ಸರಕಾರ ಬಂದರೆ ರೇಟು ಮೇಲೆ ಹೋಗುತ್ತದೆ ಅಂತ ಅಷ್ಟೇ.

ಬೋಟಿನ ತಮ್ಮಾ, ನಿನ್ನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ತಪ್ಪೊಪ್ಪಿಗೆ ಇದೆ. 2018ರ ಸಾಲಮನ್ನಾದಲ್ಲಿ ಸೊಸೈಟಿಯ ನನ್ನ ಬೆಳೆಸಾಲದ ಒಂದು ಲಕ್ಷ ಹೋಯ್ತು. ಆ ವರ್ಷ ಕೊಳೆ ರೋಗ ಬಂದು ತೋಟದ ಅರ್ಧ ಕಾಯಿ ನೆಲಕ್ಕೆ ಬಿದ್ದಿತ್ತು ನಿಜ. ಆದರೆ ಪಕ್ಕದ ಮನೆ ಅಜ್ಜನ ತೋಟಕ್ಕೂ ಅದೇ ಮಳೆ, ಅದೇ ಕೊಳೆ. ಅವರು ಜನ್ಮದಲ್ಲಿ ಸಾಲ ಮಾಡಿದವರಲ್ಲ. ಅವರಿಗೆ ಏನೂ ಸಿಗಲಿಲ್ಲ. ಮೂರು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಬೇಲಿಯಾಚೆ ನಿಂತು, "ಸಾಲ ಮಾಡದೆ ಇದ್ದದ್ದೇ ನನ್ನ ತಪ್ಪಾ ಮಾರಾಯಾ?" ಅಂದರು. ನಾನು ವೀಳ್ಯದೆಲೆ ಕೊಯ್ಯುತ್ತಾ ಇದ್ದವ ತಲೆ ಎತ್ತಲಿಲ್ಲ.

ಹಾಗಾಗಿ ವಿಮಾನದವರಿಗೆ ಕೊಡಬಾರದು ಅಂತ ದೊಡ್ಡ ದನಿಯಲ್ಲಿ ಹೇಳಲು ನನಗೆ ಬಾಯಿ ಬರಲ್ಲ.

ಒಂದು ಮಾತ್ರ ತಿಳೀತಾ ಇಲ್ಲ. ದುಡ್ಡು ಕೊಡದೆಯೂ ಇಂಡಿಗೋ ಉಳಿದದ್ದು ಹೇಗೆ?

ಭಟ್ಕಳ_ದುಬೈ

ಎಲ್ಲರೂ ಷೇರು ಅಂತೀರಿ. ಸೀಟಿನಲ್ಲಿ ಕೂರುವವನ ಕಡೆಯಿಂದ ಸ್ವಲ್ಪ ಕೇಳಿ.

ನಾನು ದುಬೈಯಲ್ಲಿ, ಅಮ್ಮ ಭಟ್ಕಳದಲ್ಲಿ. 2020ರ ಏಪ್ರಿಲ್‌ಗೆ ಎರಡು ಟಿಕೆಟ್ ಮಾಡಿಟ್ಟಿದ್ದೆ, 31 ಸಾವಿರ ಚಿಲ್ಲರೆ. ವಿಮಾನ ರದ್ದಾಯ್ತು. ದುಡ್ಡು ವಾಪಸ್ ಇಲ್ಲ, ಕ್ರೆಡಿಟ್ ಶೆಲ್‌ನಲ್ಲಿ ಇದೆ, ಮುಂದೆ ಹಾರುವಾಗ ಬಳಸಿ ಅಂದರು. ಯಾವ ಕಂಪನಿ ಅಂತ ಬಿಡಿ. ಕಾಲ್ ಸೆಂಟರ್ ಸಂಗೀತ ನನಗೆ ಈಗಲೂ ಬಾಯಿಪಾಠ. ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂತು. ಕಷ್ಟದಲ್ಲಿರುವ ಕಂಪನಿ 2021ರ ಮಾರ್ಚ್ ಕೊನೆವರೆಗೆ ದುಡ್ಡನ್ನ ಶೆಲ್‌ನಲ್ಲೇ ಇಟ್ಟುಕೊಳ್ಳಬಹುದು, ಆದರೆ ಅದರ ಬೆಲೆ ತಿಂಗಳಿಗೆ ಅರ್ಧ ಶೇಕಡಾ, ಜುಲೈಯಿಂದ ಮುಕ್ಕಾಲು ಶೇಕಡಾ ಹೆಚ್ಚಬೇಕು ಅಂತ. ನನ್ನದು ಕೊನೇ ವಾರದಲ್ಲಿ ಬಂತು. ಅಂದರೆ ಒಂದು ವರ್ಷ ಆ ಕಂಪನಿಯನ್ನ ಸಾಕಿದವರಲ್ಲಿ ನಾನೂ ಒಬ್ಬ. ನನ್ನನ್ನ ಯಾರೂ ಹೂಡಿಕೆದಾರ ಅಂತ ಕರೆಯಲಿಲ್ಲ!

ಇನ್ನೊಂದು ಮುಖ. ಮೇ 7ರಿಂದ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನ ಕರೆತರುವ ವಂದೇ ಭಾರತ್ ವಿಮಾನ ಶುರುವಾದಾಗ ಮೊದಲು ಬಂದದ್ದು ಆಗ ಸರಕಾರದ್ದೇ ಆಗಿದ್ದ ಏರ್ ಇಂಡಿಯಾದ್ದು. ಟಿಕೆಟ್ ದುಡ್ಡು ನಾವೇ ಕೊಟ್ಟೆವು, ಸರಿ. ಆದರೆ ಕೆಲಸ ಹೋಗಿ, ವೀಸಾ ಮುಗಿದು, ಬಸುರಿ ಹೆಂಡತಿಯನ್ನ ಕಟ್ಟಿಕೊಂಡು ಕೂತಿದ್ದ ನನ್ನ ತಮ್ಮನಿಗೆ ಆ ಲಿಸ್ಟಿನಲ್ಲಿ ಹೆಸರು ಬಂದ ದಿನ ನಾನು ನೋಡಿದ್ದೇನೆ. ಆವತ್ತು ಯಾರಾದರೂ ಇವನ ಹತ್ತಿರ ಬಂದು, ಸರಕಾರ ವಿಮಾನ ಕಂಪನಿ ಸಾಕಬಾರದು ಅಂದಿದ್ದರೆ ಹೊಡೀತಿದ್ದ.

ಯಲ್ಲಾಪುರ_ಬೆಂಗಳೂರು

ಹೆಗಡೆಯವರ ಪ್ರಶ್ನೆಗೆ ಬರುತ್ತೇನೆ. ಹೆಗಡೆ ಅಂತ ಅಂದಾಜಿಗೆ ಕರೆದೆ, ಭಟ್ಟರಾಗಿದ್ದರೆ ಕ್ಷಮಿಸಿ.

ಇಂಡಿಗೋ ಉಳಿದದ್ದು ಕೈಯಲ್ಲಿ ನಗದು ಇತ್ತು ಅಂತ. 2020ರ ಮಾರ್ಚ್ ಕೊನೆಗೆ ಯಾರಿಗೂ ಅಡವಿಡದ ದುಡ್ಡೇ ಒಂಬತ್ತು ಸಾವಿರ ಕೋಟಿ ಹತ್ತಿರ. ಅದರಲ್ಲಿ ಉಸಿರು ಹಿಡಿದರು. ಜುಲೈನಲ್ಲಿ 10 ಶೇಕಡಾ ಸಿಬ್ಬಂದಿಯನ್ನ ತೆಗೆದರು, ಅದೂ ನೆನಪಿರಲಿ. ನಷ್ಟ 2020-21ರಲ್ಲಿ 5,806 ಕೋಟಿ, ಮುಂದಿನ ವರ್ಷ ಇನ್ನೂ ಜಾಸ್ತಿ, 6,162 ಕೋಟಿ. 2023-24ಕ್ಕೆ ಬಂದರೆ 8,172 ಕೋಟಿ ಲಾಭ.

ನಿಮಗೆ ಮುಖ್ಯ ಆಗೋದು ಇದು. 2020ರ ಆಗಸ್ಟ್‌ನಲ್ಲಿ 4,000 ಕೋಟಿಗೆ ಹೊಸ ಷೇರು ಮಾರುತ್ತೇವೆ ಅಂತ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತ್ತು. ಆಮೇಲೆ ಬೇಡ ಅಂತ ಕೈಬಿಟ್ಟರು. ಸರಕಾರವೂ ಪಾಲು ಕೇಳಲಿಲ್ಲ. ಹಾಗಾಗಿ ಲುಫ್ತಾನ್ಸಾದವರ ಹಾಗೆ ಇಲ್ಲಿ ಹಳೇ ಷೇರುದಾರನ ಪಾಲು ತೆಳುವಾಗಲಿಲ್ಲ. ನಿಮ್ಮ 60 ಷೇರು ಇಟ್ಟುಕೊಂಡಿದ್ದರೆ ಅಷ್ಟೂ ನೀರು ಬೆರೆಸದ ಹಾಲು.

ಅಮೆರಿಕದವರು ಸರಿ ಉಲ್ಟಾ. ಒಳ್ಳೇ ವರ್ಷಗಳಲ್ಲಿ ಬಂದ ದುಡ್ಡನ್ನ ಸ್ವಂತ ಷೇರು ಖರೀದಿಗೆ ಸುರಿದರು. ಅಮೆರಿಕನ್ ಏರ್‌ಲೈನ್ಸ್ ಒಂದೇ 2014ರಿಂದ ಈಚೆ 12 ಬಿಲಿಯನ್ ಡಾಲರ್ ಮೇಲೆ. ಮಳೆ ಬಂದಾಗ ಛತ್ರಿ ಸರಕಾರದ್ದು. ವಾರೆನ್ ಬಫೆಟ್ ಅಂಥ ದೊಡ್ಡ ಹೂಡಿಕೆದಾರರೂ ನಾಲ್ಕು ವಿಮಾನ ಕಂಪನಿಯ ಷೇರನ್ನ ಪೂರ್ತಿ ಮಾರಿದ್ದೇವೆ ಅಂತ 2020ರ ಮೇ 2ಕ್ಕೆ ಹೇಳಿದರು. ಸರಕಾರದ ದುಡ್ಡು ಬಂದ ಮೇಲೂ! ನೀವು ಎರಡು ವಾರ ತಡ ಅಷ್ಟೇ, ನಾಚಿಕೆ ಬೇಡ.

ಆದರೆ ನಮ್ಮ ಸರಕಾರ ಏನೂ ಕೊಡಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಮೇ 25ಕ್ಕೆ ಹಾರಾಟ ಮತ್ತೆ ಶುರುವಾದಾಗ ಟಿಕೆಟ್‌ಗೆ ಮೇಲಿನ ಮಿತಿ ಹಾಕಿದ್ದು ಎಲ್ಲರಿಗೂ ನೆನಪಿದೆ. ಕೆಳಗಿನ ಮಿತಿಯೂ ಇತ್ತು. ದೆಹಲಿ-ಮುಂಬೈಗೆ 10,000 ದಾಟುವಂತಿಲ್ಲ, 3,500ಕ್ಕಿಂತ ಇಳಿಸುವಂತೆಯೂ ಇಲ್ಲ. ಇದು 2022ರ ಆಗಸ್ಟ್ ಕೊನೆವರೆಗೆ ನಡೀತು. ಕೆಳಗಿನ ಮಿತಿ ಯಾರಿಗೆ? ಕೈಯಲ್ಲಿ ದುಡ್ಡಿರುವವನು ರೇಟು ಇಳಿಸಿ ದುಡ್ಡಿಲ್ಲದವನನ್ನ ಮುಗಿಸದಿರಲಿ ಅಂತ. ಬಜೆಟ್‌ನಲ್ಲಿ ಎಲ್ಲೂ ಕಾಣದ ಸಹಾಯ. ಕೊಟ್ಟವನು ಟಿಕೆಟ್ ತಗೊಂಡವನು.

ಕಾಜುಬಾಗ್, ಕಾರವಾರ

ಒಳ್ಳೇ ಪಾಯಿಂಟ್. ಜೊತೆಗೆ 2021ರ ಮೇ ಕೊನೆಗೆ ತುರ್ತು ಸಾಲ ಗ್ಯಾರಂಟಿ ಯೋಜನೆಯನ್ನ ವಿಮಾನದವರಿಗೂ ಚಾಚಿದರು. 2022ರ ಅಕ್ಟೋಬರ್‌ನಲ್ಲಿ ಒಂದು ಕಂಪನಿಗೆ 1,500 ಕೋಟಿವರೆಗೆ ಮಿತಿ ಏರಿಸಿದರು. ಸಾಲ ಬ್ಯಾಂಕಿನದ್ದು, ಗ್ಯಾರಂಟಿ ಸರಕಾರದ್ದು. ಆದರೂ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತೇ ಹೋಯ್ತು. ಇಂಜಿನ್ ಕೈಕೊಟ್ಟಿತು ಅಂದರು. ಅದು 2021ರಲ್ಲಿ 3,600 ಕೋಟಿ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು, ಅರ್ಜಿ ಹಾಕಿತ್ತು, ಬರಲಿಲ್ಲ. ನಮ್ಮಂಥವರ ಪುಣ್ಯ.

ಭಟ್ಕಳದವರ ಏರ್ ಇಂಡಿಯಾ ಮಾತು ಒಪ್ಪುತ್ತೇನೆ. ಬೆಲೆಯನ್ನೂ ಒಮ್ಮೆ ನೋಡಿ. 2009-10ರಿಂದ ಮಾರಾಟದವರೆಗೆ ನಗದು, ಗ್ಯಾರಂಟಿ ಎಲ್ಲ ಸೇರಿ 1.10 ಲಕ್ಷ ಕೋಟಿ. 2021ರಲ್ಲಿ ಟಾಟಾದವರು ಕೂಗಿದ್ದು 18,000 ಕೋಟಿ. ಅದರಲ್ಲೂ 15,300 ಸಾಲ ಹೊರುವುದು, ಸರಕಾರದ ಕೈಗೆ ನಗದು 2,700.

ಚಾಲಿ_ಅಡಿಕೆ, ಶಿರಸಿ

ಹೆಗಡೆ ಸರಿ, ಭಟ್ಟ ಅಲ್ಲ.

ಕೆಳಗಿನ ಮಿತಿ ಓದಿದಾಗ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಆಮೇಲೆ ಹೊಳೀತು. ನಮ್ಮ ಅಡಿಕೆಗೂ ಅದೇ ಅಲ್ವಾ? ಹೊರಗಿನ ಅಡಿಕೆ ಕಿಲೋಗೆ 251 ರೂಪಾಯಿಗಿಂತ ಕಡಿಮೆಗೆ ಒಳಗೆ ಬರಬಾರದು ಅಂತ ಇತ್ತು, 2023ರ ಫೆಬ್ರವರಿಯಲ್ಲಿ 351 ಮಾಡಿದರು. ಅವತ್ತು ನಾನೂ ಭಾವನೂ ಸೇರಿ ಕೇಸರಿಬಾತ್ ತಿಂದಿದ್ದೆವು. ಅದನ್ನ ಯಾರೂ ಬೇಲ್‌ಔಟ್, ಅಂದರೆ ಸರಕಾರ ಕೈಹಿಡಿದು ಎತ್ತಿದ್ದು, ಅನ್ನಲಿಲ್ಲ. ಕೊಡುವವನು ಎಲ್ಲೋ ದೂರದಲ್ಲಿ ಗುಟ್ಕಾ, ಪಾನ್ ಜಗಿಯುವವನು. ಅವನಿಗೆ ಲೆಕ್ಕ ಗೊತ್ತಿಲ್ಲ, ನಮಗೆ ಅವನ ಗುರುತಿಲ್ಲ.

ಭಾವನಿಗೆ ಇದನ್ನೇ ಹೇಳುವುದು ಅಂತ ಮಾಡಿದ್ದೇನೆ. ಅವನದ್ದು ಎಂಟು ಎಕರೆ ತೋಟ, ನನ್ನದು ಎರಡೂವರೆ. ಹಾಗಾಗಿ ಸಿಟ್ಟೂ ಅಷ್ಟೇ ಪಟ್ಟು ಬರಬಹುದು.

ಷೇರಿನ ವಿಷಯಕ್ಕೆ ನನಗೆ ಬೇಕಾದ್ದು ಸಿಕ್ಕಿತು. ನಗದು ಎಷ್ಟಿದೆ ಅಂತ ನೋಡದೆ ಸರಕಾರದ ಮುಖ ನೋಡಿ ತಗೊಂಡೆ, ಅದೇ ಮುಖ ನೋಡಿ ಮಾರಿದೆ. ಎರಡು ಸಲವೂ ಕಂಪನಿಯ ಬ್ಯಾಲೆನ್ಸ್ ಶೀಟ್ ಹಲಸಿನ ಮರದ ಬುಡದಲ್ಲೇ ಡೌನ್‌ಲೋಡ್ ಮಾಡಬಹುದಿತ್ತು. ಎರಡು ಕಡ್ಡಿ ಸಿಗ್ನಲ್ ಸಾಕು.

ಇನ್ನು ನಾಲ್ಕು ದಿನ ನಾನು ಇಲ್ಲಿ ಬರುವುದಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗೆ ನೀರು ತಾಗದ ಹಾಗೆ ಕೊಟ್ಟೆ ಕಟ್ಟಿ ಮುಗಿಯಬೇಕು. ಮರ ಹತ್ತುವವನು ಬುಧವಾರ ಬರುತ್ತೇನೆ ಅಂದಿದ್ದಾನೆ. ಅವನು ಬರುತ್ತೇನೆ ಅಂದ ದಿನ ಮನೆಯಲ್ಲಿ ಇರದಿದ್ದರೆ ಆಮೇಲೆ ಅವನ ದರ್ಶನ ಇಲ್ಲ.

ಬೈತಖೋಲ_ಬೋಟು

ಹೆಗಡೆರೇ, ಮೊನ್ನೆ ಸ್ವಲ್ಪ ಜೋರಾಗಿ ಮಾತಾಡಿದೆ, ಬೇಜಾರು ಬೇಡ. ಜೂನ್ ಒಂದಕ್ಕೆ ನನ್ನ ಬೋಟೂ ದಡಕ್ಕೆ ಬರುತ್ತದೆ, ಎರಡು ತಿಂಗಳು ಪುರುಸೊತ್ತು. ಆ ಹಲಸಿನ ಮರದಲ್ಲಿ ಕಾಯಿ ಇನ್ನೂ ಇದೆಯಾ? ಇದ್ದರೆ ನಾಲ್ಕು ಬೇಕಿತ್ತು, ನಮ್ಮ ಅಕ್ಕನಿಗೆ ಹಪ್ಪಳ ಮಾಡಲಿಕ್ಕೆ. ಒಣ ಮೀನು ಕೊಟ್ಟರೆ ನೀವು ತಗೊಳ್ಳಲ್ಲ. ಬದಲಿಗೆ ಏನು ತರಲಿ ಹೇಳಿ.